ತೂಕ ಸರಿಯಿದೆ

ಬೈತಖೋಲದ ಐಸ್ ಫ್ಯಾಕ್ಟರಿಯ ಗೋಡೆಗೆ ಆತುಕೊಂಡು
ಹಮ್ಮಣ್ಣಜ್ಜನ ತಗಡಿನ ಮಾಡು.
ಒಳಗೊಂದು ಸ್ಟೋವು, ಹಿಡಿ ಮುರಿದ ಬಾಣಲೆ,
ಎರಡು ಅಚ್ಚು. ಒಂದು ಬಲೆಗುಂಡಿನದು.
ಇನ್ನೊಂದರ ಕತೆ, ಕೇಳಿದರೆ ಹೇಳುತ್ತಿದ್ದ,
ಕೇಳದಿದ್ದರೂ ಹೇಳುತ್ತಿದ್ದ.

ಇಪ್ಪತ್ತೆರಡು ವರ್ಷ ಪಲ್ಟನ್ನಿನಲ್ಲಿ ಬಂದೂಕು ರಿಪೇರಿ.
ಹೊಡೆದದ್ದಕ್ಕಿಂತ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿದ್ದೇ ಹೆಚ್ಚು.
"ಎಸ್ಸೆಲ್ಲಾರ್ ಅಂದ್ರೆ ಶುದ್ಧ ಮಡಿ, ತಂಗೀ.
ತಾಮ್ರದ ಅಂಗಿ ತೊಡದ ಗುಂಡು ಮುಟ್ಟೂದಿಲ್ಲ.
ಬರೀ ಸೀಸ ಕೊಟ್ಯೋ, ಹೊಗೆ ಹೋಗೂ ತೂತು ಕಟ್ಕಂಡು
ಮುನಿಸ್ಕಂಡು ಕೂತ್ಕಂತದೆ."
ಹಟಮಾರಿ ಸುಬೇದಾರನೊಬ್ಬ ಆದರೂ ಎರಕ ಹೊಯ್ದನಂತೆ,
ತವರ ಬೆರೆಸಿ, ಮೇಣ ಸವರಿ, ರಾತ್ರಿಯಿಡೀ.
ಹತ್ತು ಸುಸೂತ್ರ.
ಹನ್ನೊಂದನೆಯದು ಸಿಕ್ಕಿಕೊಂಡಿತು.
ನಿವೃತ್ತಿಯ ದಿನ ಅಚ್ಚನ್ನು ಇವನ ಕೈಗಿಟ್ಟು
ಒಂದು ಮಾತೂ ಆಡದೆ ಲಾರಿ ಹತ್ತಿದನಂತೆ.

ನಮಗೆ ಸೀಸ ಬರುತ್ತಿದ್ದದ್ದು ಚಾಂದಮಾರಿ ದಿಬ್ಬದಿಂದ.
ಮಳೆಗೆ ಮಣ್ಣು ಜರಿದ ಮೇಲೆ
ಹುಡುಗರು ಡಾಲ್ಡಾ ಡಬ್ಬಿಯಲ್ಲಿ ಹೆಕ್ಕಿ ತರುತ್ತಿದ್ದರು:
ಮೂತಿ ಜಜ್ಜಿದವು, ಅಣಬೆಯಂತೆ ಅರಳಿದವು,
ಏನನ್ನೂ ತಾಗದೆ ಮಣ್ಣಲ್ಲಿ ಮಲಗಿದ್ದವು.
ಬಾಣಲೆಯಲ್ಲಿ ಯಾವುದು ಯಾವುದೆಂದು ಗೊತ್ತಾಗದು.
ಅಂಗಿಗಳಷ್ಟೇ ಮೇಲೆ ತೇಲಿ ಬರುತ್ತವೆ,
ತೂತು ಸೌಟಿನಲ್ಲಿ ತೆಗೆದು ಚೆಲ್ಲಬೇಕು.

ನಾನು ಬಲೆ ಸರಿಮಾಡುವವಳು.
ಕೆಳಹಗ್ಗಕ್ಕೆ ಗೇಣಿಗೊಂದು ಗುಂಡು ಬೇಕು, ಅಷ್ಟೇ.
ಅಜ್ಜನೋ, ಒಂದೊಂದನ್ನೂ ಬೆಳಕಿಗೆ ಹಿಡಿದು
"ಸುಕ್ಕದೆ. ಅಚ್ಚು ಕಾದಿರ್ಲಿಲ್ಲ. ತಿರುಗಿ ಹಾಕು."
"ಸುಕ್ಕಾದ್ರೇನಜ್ಜ, ಬಂಗಡೆ ನೋಡ್ತದಾ?"
ಅವ ತಿರುಗಿ ಹಾಕಿದ.

ಟ್ರಾಲರುಗಳು ಕಟ್ಟೆ ಹತ್ತಿ ಕೂತ ಆಷಾಢದಲ್ಲಿ ಅಜ್ಜ ಹೋದ.
ಪೆಟ್ಟಿಗೆ ತೆರೆದೆ. ಹಳೆ ಪಂಚೆಯ ಚೂರಿನೊಳಗೆ
ಎಣ್ಣೆ ಆರದ ಅಚ್ಚು.
ಕಾಯಿಸಿದೆ. ಅವ ಹೇಳಿದಷ್ಟು ಹೊತ್ತು, ಮೇಲೆ ಸ್ವಲ್ಪ.
ಹೊಯ್ದೆ. ಬಿಡಿಸಿದರೆ ಒಂದೇ ಒಂದು,
ಬೆರಳುದ್ದ, ಒಂದೂ ಸುಕ್ಕಿಲ್ಲ,
ಅಂಗೈಯಲ್ಲಿ ನಿಲ್ಲಲಾರದಷ್ಟು ಬಿಸಿ.

ಏನು ಮಾಡಲಿ ಇದನ್ನು?
ಪೋಣಿಸಲು ತೂತೂ ಇಲ್ಲ.
ಮೊಳೆ ಕಾಯಿಸಿ ನಡುವೆ ಚುಚ್ಚಿದೆ,
ದೇವಾಂದ್ರನ ಬೀಡುಬಲೆಯ ಕೊನೆಗೆ ಕಟ್ಟಿದೆ.
ಬೆಳಗಿನ ಜಾವ ಬ್ಯಾಟರಿ ಹಿಡಿದು ತಡವಿ ನೋಡಿದ ಅವ:
"ಇದೊಂದ್ಯಾಕೆ ಚೂಪದೆ?"

"ತೂಕ ಸರಿಯದೆ," ಅಂದೆ. "ನೀ ಹೋಗು, ನೀರು ಇಳೀತದೆ."