ಇಪ್ಪತ್ತು ನಿಮಿಷ ಓಟ, ಹತ್ತು ನಿಮಿಷ ಬಿಡುವು

ಹೂಟಗಳ್ಳಿಯ ಶೆಡ್ಡಿನಲ್ಲಿ ರಾತ್ರಿ ಪಾಳಿ ನನ್ನದು.
ಮಂಡಿ ಮೊಹಲ್ಲಾದ ರಿವೈಂಡಿಂಗ್ ಅಂಗಡಿಗಳಿಂದ
ಸುಟ್ಟ ಮೋಟಾರುಗಳ ಕರುಳು ಬರುತ್ತದೆ ಗೋಣಿಯಲ್ಲಿ.
ಎನಾಮಲ್ ಸುಲಿದು, ತೊಳೆದು, ಚೂರು ಕತ್ತರಿಸಿ
ತೂಗುತ್ತೇನೆ: ತಾಮ್ರ ನೂರು ಗ್ರಾಂ,
ಉಕ್ಕಿನ ಗುಂಡು ಒಂದು ಕಿಲೋ.
ಒಂದಕ್ಕೆ ಹತ್ತು.
ನ್ಯಾಯದ ಜಗಳವಲ್ಲ ಇದು, ಗೊತ್ತು.

ಡಬ್ಬಿಯ ಬಾಯಿ ಬಿಗಿದು, ಆರ್ಗಾನ್ ತುಂಬಿ
ಗುಂಡಿ ಒತ್ತಿದರೆ
ತನ್ನ ಸುತ್ತ ತಾನೂ ತಿರುಗಿ
ತಟ್ಟೆಯ ಸುತ್ತಲೂ ತಿರುಗಿ
ಗಲಗಲವೂ ಅಲ್ಲ, ಗುಡುಗೂ ಅಲ್ಲ,
ತಗಡಿನ ಮೇಲೆ ಯಾರೋ
ಹುಣಸೆಬೀಜ ಸುರಿಯುತ್ತಲೇ ಇದ್ದಾರೆ.

"ಒರಳಿಗೆ ತಲೆ ಕೊಟ್ಟಮೇಲೆ..." ಅನ್ನುತ್ತಾಳೆ ಚೆಲುವಾಂಬೆ,
ಪಾಂಡವಪುರದ ಹುಡುಗಿ, ಡಿಪ್ಲೊಮಾ, ಬಂದು ಹದಿನೆಂಟು ದಿನ.
ಗಾದೆ ಪೂರ್ತಿ ಮಾಡುವುದಿಲ್ಲ.
ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾಳೆ.

ಅವಳು ತಿಳಿದದ್ದು, ಕುಟ್ಟಿದರೆ ಪುಡಿ, ರಾಗಿಯ ಹಾಗೆ.
ಇಲ್ಲ ಕಣೇ, ತಾಮ್ರಕ್ಕೆ ಬೇಗ ಸಿಟ್ಟು ಬರುವುದಿಲ್ಲ.
ಮೊದಲ ಪೆಟ್ಟುಗಳಿಗೆ ಅಗಲವಾಗುತ್ತದೆ ಸುಮ್ಮನೆ,
ಅವರೆಬೇಳೆಯಷ್ಟು,
ಆಮೇಲೆ ಮೀನಿನ ಹುರುಪೆಯಷ್ಟು ತೆಳ್ಳಗೆ.
ಹುರುಪೆಗೆ ಹುರುಪೆ ಸಿಕ್ಕಿದರೆ
ಬೆಂಕಿಯಿಲ್ಲದೆ ಬೆಸೆದುಕೊಳ್ಳುತ್ತದೆ.
ಎರಡನೇ ಗಂಟೆಗೆ ಬಿಚ್ಚಿದರೆ
ಹಾಕಿದ್ದಕ್ಕಿಂತ ದಪ್ಪ ಕಾಳು!
"ಹಾಳಾಗೋಯ್ತು ಕಣಕ್ಕ" ಅಂದಳು ಮೊದಲ ರಾತ್ರಿ,
ಅಳುವುದೊಂದು ಬಾಕಿ.
ಚಿಟಿಕೆ ಸ್ಟಿಯರಿಕ್ ಆಸಿಡ್ ಉದುರಿಸಿ
ಮುಚ್ಚು, ಇನ್ನೂ ತಿರುಗಲಿ ಅಂದೆ.
ಬೆಸೆದೂ ಬೆಸೆದೂ, ಪೆಟ್ಟು ತಿಂದೂ ತಿಂದೂ
ಒಳಗೊಳಗೇ ಬಿರುಸಾಗಿ
ಇನ್ನು ಬಾಗಲಾರೆ ಅನ್ನುವಾಗ ಬಿರಿಯುತ್ತದೆ.
ಆ ಹೊತ್ತು ಗಡಿಯಾರದಲ್ಲಿಲ್ಲ, ಸದ್ದಿನಲ್ಲಿದೆ:
ಹುಣಸೆಬೀಜ ಮರಳಾಗುತ್ತದೆ.

ನಮ್ಮಜ್ಜ ಸಂಪಂಗಾಚಾರಿ, ನಾಗಮಂಗಲದವನು,
ತಾಮ್ರದ ಹಂಡೆ ಬಡಿಯುತ್ತಿದ್ದ.
ತಗಡು ಬಿರುಸಾದದ್ದು ಅವನ ಮಣಿಕಟ್ಟಿಗೆ ಮೊದಲು ತಿಳಿಯುತ್ತಿತ್ತು.
ಕೂಡಲೇ ಕುಲುಮೆಗೆ; ಕಾಸಿ, ಮೆದುವಾಗಿಸಿ, ಮತ್ತೆ ಸುತ್ತಿಗೆ.
ಎಲ್ಲೋ ಒಂದು ಸೀಳಿದರೆ
ಬೀದಿಗೆ ಕಾಣದ ಹಾಗೆ ಗೋಣಿ ಹೊದಿಸಿ ಇಡುತ್ತಿದ್ದ,
ಅವತ್ತು ಊಟಕ್ಕೆ ತಡ.
ಜೀವಮಾನವೆಲ್ಲ ಅವನು ಹೆದರಿದ ಬಿರುಕಿಗೇ
ನನಗೆ ಸಂಬಳ.

ಬಿಡುವು. ಡಬ್ಬಿ ತಣಿಯಬೇಕು.
ಫ್ಲಾಸ್ಕಿನ ಟೀ, ಅವಳವ್ವ ಕಟ್ಟಿಕೊಟ್ಟ ಹುರಿಗಾಳು.
ಗೋಡೆಯಲ್ಲಿ ಮುನೀರ್ ಸಾಹೇಬರ ಕೈಬರಹ:
"ಬಿಸಿ ಡಬ್ಬಿ ತೆರೆಯಬೇಡಿ."
ಹೊಸ ಪುಡಿ ಗಾಳಿ ಕಂಡರೆ ಕೆಂಡ.
ಅವರ ಬಲಹುಬ್ಬು ಇನ್ನೂ ಪೂರ್ತಿ ಬೆಳೆದಿಲ್ಲ.

ನಾಲ್ಕು ಗಂಟೆ ಜಾವಕ್ಕೆ ಗ್ರಾಫೈಟ್, ಹತ್ತು ಗ್ರಾಂ.
ಕರಗಿಸಿ ಸುರಿದರೂ ಒಂದಾಗದ ಜಾತಿಗಳು ಇವು.
ತಾಮ್ರ ಕರೆಂಟು ಹೊರುತ್ತದೆ, ಅದು ಜಾರುತ್ತದೆ.
ಕೊನೆಯ ಓಟ ಮುಗಿದಾಗ
ಕೆಂಪೂ ಇಲ್ಲ, ಕಪ್ಪೂ ಇಲ್ಲ,
ಒಲೆ ಆರಿದ ಮೇಲಿನ ಇಟ್ಟಿಗೆಯ ಬಣ್ಣ.
ಚೆಲುವಾಂಬೆ ಬೆರಳ ತುದಿಯಲ್ಲಿ ಮುಟ್ಟಿ
ಹಾಳೆಯ ಮೇಲೆ ಒಂದು ಗೆರೆ ಎಳೆದಳು.
ಏನು ಬರೆಯಲೆಂದು ತೋಚದೆ ಬಿಟ್ಟಳು.

ಅಚ್ಚಿಗೆ ಹಾಕಿ ಒತ್ತಿ ಬೇಯಿಸಿದರೆ
ಸ್ಟಾರ್ಟರ್ ಮೋಟಾರಿನ ಬ್ರಷ್, ಕಡಲೆಮಿಠಾಯಿಯಷ್ಟು.
ಗೇಟಿನಾಚೆ ಬೆಳಗಿನ ಮೊದಲ ಆಟೋ.
ಡ್ರೈವರ್ ಕೀಲಿ ತಿರುಗಿಸಿದ: ಕಿರ್ರ್.
ನಮ್ಮದಿರಬಹುದು, ಬೇರೆಯವರದೂ.
ಹತ್ತಲಿಲ್ಲ.
ಅವಳು ಕಿವಿಯ ಹತ್ತಿ ತೆಗೆದಳು.
ಅವನು ಇನ್ನೊಮ್ಮೆ ತಿರುಗಿಸಿದ.