ಅಂಕ ಬದಲಿಸುವವನ ಮತ

ಮೂವತ್ತೊಂದು ವರ್ಷ ಈ ಏಣಿ ಹತ್ತಿದ್ದೇನೆ.
ತಗಡಿನ ಅಂಕಿಗಳು, ಒಂದೊಂದಕ್ಕೂ ಒಂದು ಮೊಳೆ.
ಎಂಟರ ಕೆಳಗಡೆ, ಎಡಕ್ಕೆ, ಬಣ್ಣ ಎದ್ದುಹೋಗಿದೆ.
ದೂರದವರು ಒಂಬತ್ತೆಂದು ಓದಿ ಜಗಳಕ್ಕೆ ಬರುತ್ತಾರೆ.

ಇವತ್ತು ರಾತ್ರಿ ಏಣಿ ಇಲ್ಲ.
ಕ್ಲಬ್ಬಿನ ಊಟದ ಕೋಣೆಯಲ್ಲಿ ಮಡಚುವ ಕುರ್ಚಿ,
ಹಳದಿ ಚೀಟಿ, ದಾರ ಕಟ್ಟಿದ ಪೆನ್ಸಿಲು,
ಒಂದೇ ಸಾಲಿನ ಪ್ರಶ್ನೆ:
ನಮ್ಮ ಕೊಕ್ಕರೆ ತಂಡ ಸಿಡ್ನಿ ಬಿಟ್ಟು ಪರ್ತ್‌ಗೆ ಹೋಗಬಹುದೇ?

"ಒಂದು ಊರಿಗೆ ಒಂಬತ್ತು ತಂಡ," ಅನ್ನುತ್ತಾನೆ
ಕಂಪನಿಯಿಂದ ಬಂದ ಹುಡುಗ, ಶೂ ಹಾಕಿಯೂ ಕಾಲುಚೀಲ ಹಾಕದವನು,
"ಒಂದೇ ಬಾವಿಗೆ ಒಂಬತ್ತು ಕೊಡ. ನೀವೇ ಹೇಳಿ."
ಗೋಡೆಯ ಮೇಲೆ ದೇಶದ ನಕ್ಷೆ ಬೆಳಗುತ್ತದೆ.
ಪೂರ್ವದ ಅಂಚಿಗೆ ಕೆಂಪು ಚುಕ್ಕೆಗಳು ಒತ್ತೊತ್ತಾಗಿ,
ತಟ್ಟೆಯ ಒಂದೇ ಬದಿಗೆ ಎಲ್ಲ ಬಡಿಸಿಕೊಂಡ ಹಾಗೆ.
ಪಶ್ಚಿಮ ಖಾಲಿ.
ಅವನು ಸುಳ್ಳು ಹೇಳುತ್ತಿಲ್ಲ. ಅದೇ ತೊಂದರೆ.

ಕ್ಷೌರದಂಗಡಿಯ ಬೂತ್ರೋಸ್ ಎದ್ದು ನಿಂತ.
ನಾವು ಗೆದ್ದ ಮರುದಿನ ಮಕ್ಕಳಿಗೆ ಪುಕ್ಕಟೆ ಕತ್ತರಿಸುವವನು.
"ನಾನಿಲ್ಲಿ ಬಂದಿಳಿದಾಗ ಬರುತ್ತಿದ್ದದ್ದು ಹನ್ನೊಂದು ಇಂಗ್ಲಿಷ್ ಮಾತು,
ಅದರಲ್ಲಿ ಏಳು ರೆಫರಿಗೆ ಬೈಯುವಂಥವು.
ಅಷ್ಟಕ್ಕೇ ಈ ಬೀದಿ ಸರಿದು ಜಾಗ ಕೊಟ್ಟಿತು.
ಪರ್ತ್‌ನಲ್ಲಿ ನಾನು ಯಾರನ್ನು ಬೈಯಲಿ?"
ಸಭೆ ನಕ್ಕಿತು. ಅವನು ನಗದೆ ಕೂತ.

ಖಜಾಂಚಿ ಡೆಸ್ಮಂಡ್ ಕನ್ನಡಕ ಒರೆಸುತ್ತ:
ಆಟದ ನಿಯಮ ಗೊತ್ತಿದ್ದದ್ದೇ ತಾನೆ.
ಆರು ಸಲ ಕೆಡವಿದರೆ ಚೆಂಡು ಬಿಟ್ಟುಕೊಡಬೇಕು.
ಬ್ಯಾಂಕು ನಮ್ಮನ್ನು ಐದು ಸಲ ಕೆಡವಿದೆ.
ಈಗ ಒದೆಯಬೇಕು, ಆದಷ್ಟು ದೂರಕ್ಕೆ.

ನನಗೆ ಗೊತ್ತಿರುವುದೆಲ್ಲ ಮೇಲಿನಿಂದ ಕಂಡದ್ದು.
ಏಣಿಯ ತುದಿಗೆ ಹೋದರೆ ಇಡೀ ದಿಬ್ಬ ಕಾಣುತ್ತದೆ.
ಒಂದು ಕಾಲಕ್ಕೆ ಅಲ್ಲಿ ಹುಲ್ಲು ಕಾಣುತ್ತಿರಲಿಲ್ಲ, ಬರೀ ಟೋಪಿ.
ಈಗ ಕೂತವರನ್ನು ಹೆಸರು ಹಿಡಿದು ಕರೆಯಬಹುದು.
ಬಾಡಿಗೆ ಏರಿತು. ಹಡಗುಕಟ್ಟೆಯಲ್ಲಿ ದುಡಿದವರ ಮಕ್ಕಳು
ರೈಲು ಕೊನೆಯಾಗುವ ಕಡೆ ಮನೆ ಹುಡುಕಿಕೊಂಡರು.
ಬಿಸ್ಕತ್ತು ಕಾರ್ಖಾನೆಯ ಜಾಗದಲ್ಲಿ ಬಾಲ್ಕನಿಗಳು ಎದ್ದವು.
ಅಲ್ಲಿಂದ ಒಬ್ಬಾಕೆ ಪುರಸಭೆಗೆ ಪತ್ರ ಬರೆದಳು:
ಸೀಟಿ ಜೋರು, ನಮ್ಮ ಮಗು ಮಲಗುವುದಿಲ್ಲ.
ತಂಡ ಹೋಗಬೇಕೇ ಎಂದು ಕೇಳುತ್ತಿದ್ದಾರೆ.
ಊರೇ ಹೋಗಿ ಇಪ್ಪತ್ತು ವರ್ಷವಾಯಿತು.
ಉಳಿದದ್ದು ಬೂತ್ರೋಸ್, ನೋಲೀನ್, ನಾನು,
ಮತ್ತೆ ಕಾಲುವೆಯಲ್ಲಿ ನಿಜವಾದ ಒಂದು ಕೊಕ್ಕರೆ,
ಪ್ಲಾಸ್ಟಿಕ್ ಚೀಲದ ಪಕ್ಕ, ಒಂಟಿಕಾಲಲ್ಲಿ.

ನೋಲೀನ್‌ಗೆ ಎಪ್ಪತ್ತಾರು. ಇನ್ನೂ ಜೆರ್ಸಿ ಒಗೆಯುತ್ತಾಳೆ.
ಅಂಟಿದ ಮಣ್ಣು ನೋಡಿ ಯಾವ ಮೈದಾನವೆಂದು ಹೇಳುತ್ತಾಳೆ.
"ಪರ್ತ್‌ನದು ಬರೀ ಮರಳಂತೆ, ಮರ್ವ್,
ಕೊಡವಿದರೆ ಹೋಯಿತಂತೆ. ಅದೂ ಒಂದು ಮಣ್ಣೇ?"
ಆಮೇಲೆ, "ನೀನಂತೂ ನಮ್ಮ ಕಡೆ," ಅಂದಳು.
ಪ್ರಶ್ನೆಯಲ್ಲ ಅದು.

ಅವಳಿಗೆ ಹೇಳದ ಒಂದು ಸಂಗತಿ ಇದೆ.
ಹೋದ ತಿಂಗಳು ನಾವು ಹೀನಾಯ ಸೋತ ದಿನ
ಒಬ್ಬ ಹುಡುಗ ಬಂದಿದ್ದ, ಅಪ್ಪನ ಕೈ ಹಿಡಿದು,
ಪರ್ತ್‌ನಿಂದ, ಐದು ಗಂಟೆ ವಿಮಾನದಲ್ಲಿ ಕೂತು.
ಎಲ್ಲರೂ ಹೋದ ಮೇಲೆ ಏಣಿಯ ಬುಡಕ್ಕೆ ಬಂದು
ಒಂದು ಅಂಕಿ ಮುಟ್ಟಬಹುದಾ ಅಂತ ಕೇಳಿದ.
ಎಂಟನ್ನು ಇಳಿಸಿಕೊಟ್ಟೆ.
ಎದೆಗವಚಿಕೊಂಡು ನಿಂತ, ಅವನಿಗಿಂತ ಅದೇ ಅಗಲ.
"ಇದು ಒಂಬತ್ತಲ್ವಾ?" ಅಂದ.
ಅಲ್ಲ ಅನ್ನಲು ನನಗೆ ಮನಸ್ಸಾಗಲಿಲ್ಲ.
ಇಲ್ಲಿನ ಮಕ್ಕಳು ಯಾರೂ ಹಾಗೆ ಕೇಳಿ
ಎಷ್ಟು ಕಾಲವಾಯಿತೋ.

ಪೆನ್ಸಿಲಿನ ಮೊನೆ ಮೊಂಡು. ಒತ್ತಿ ಗೀಚಬೇಕಾಯಿತು:
ಹೌದು.
ಎರಡು ಮಡಿಕೆ ಮಡಚಿದೆ.
ಕೈ ನಡುಗಿತು ಎಂದರೆ ಸುಳ್ಳಾದೀತು.
ಗೆದ್ದೆ ಅನಿಸಲಿಲ್ಲ, ದ್ರೋಹ ಅಂತಲೂ.
ಮಳೆ ಬರುವಾಗ ಅಂಕಿ ಬದಲಿಸಿದಂತೆ,
ಕೆಲಸ, ಅಷ್ಟೇ ಅನಿಸಿತು.

ಏಳಲು ಹೋದೆ. ನನ್ನ ಮೊಣಕಾಲಿನ ಹಣೆಬರಹ ಬಲ್ಲ ನೋಲೀನ್
"ಕೂತಿರು," ಎಂದು ಭುಜ ಒತ್ತಿದಳು.
ನನ್ನ ಚೀಟಿಯನ್ನೂ ತನ್ನದರ ಜೊತೆ ಹಿಡಿದು
ಕುರ್ಚಿಗಳ ಸಾಲು ದಾಟಿ ಡಬ್ಬಿಯವರೆಗೆ ನಡೆದಳು,
ಎರಡನ್ನೂ ಒಟ್ಟಿಗೇ ಒಳಗೆ ಹಾಕಿದಳು,
ಒಗೆಯುವ ಯಂತ್ರಕ್ಕೆ ಬಟ್ಟೆ ಹಾಕುವ ಹಾಗೆ,
ಜೇಬು ತಡವಿ ನೋಡದೆ.