ಮಸಿಯ ಉರುಳೆ

ಡಂಡೀ, ನವೆಂಬರ್. ನಾಲ್ಕಕ್ಕೇ ಕತ್ತಲು.
ಗಾಜಿನ ಕೊಳವೆಯ ಬೆಚ್ಚನೆ ಉಪ್ಪುನೀರಲ್ಲಿ
ಗಿನಿಪಿಗ್ಗಿನ ಎರಡಂಗುಲ ಕರುಳು ತೂಗುತ್ತಿದೆ.
ಪ್ರಾಣ ಹೋಗಿ ಮೂರು ತಾಸು;
ಅದಕ್ಕಿನ್ನೂ ಯಾರೂ ಹೇಳಿಲ್ಲ.

ಮೋರಾಗ್ ಗೆಡ್ಡಿಸ್ ಹೊಗೆ ಹಿಡಿಸಿದ ಕಾಗದವನ್ನು
ಉರುಳೆಗೆ ಸುತ್ತುತ್ತಾಳೆ. ಅವಳ ಗಲ್ಲದ ಮೇಲೆ
ಸದಾ ಒಂದು ಮಸಿಬೊಟ್ಟು,
ದೃಷ್ಟಿಗೆ ಇಟ್ಟ ಹಾಗೆ.
ಹೇಳಿದರೆ ಅವಳಿಗೆ ತಿಳಿಯದು.

ಪ್ರೋಸ್ಟಾಗ್ಲಾಂಡಿನ್, ಒಂದೇ ಹನಿ.
ಕರಗಿತು. ಏನಿಲ್ಲ. ಏನಿಲ್ಲ.
ಆಮೇಲೆ ಕರುಳು ಚುರುಕ್ಕೆಂದಿತು,
ಮಾತಿಗಲ್ಲ, ನಿಜಕ್ಕೂ.
ಕಡ್ಡಿ ಎದ್ದು ಮಸಿಯಲ್ಲಿ
ಬಿಳಿ ಗುಡ್ಡವೊಂದನ್ನು ಗೀಚಿತು.

ಅದೇ ಹೊತ್ತಿಗೆ ನನ್ನದೂ.
ಮುಟ್ಟಿನ ಮೊದಲ ದಿನ. ಬೆಳಗಿನಿಂದ ಮೂರು ಸಲ
ಕಾರಿಡಾರಿನ ಕೊನೆಗೆ ಓಡಿದ್ದೇನೆ.
ಗರ್ಭ ತನಗೇ ಬರೆದುಕೊಂಡ ಓಲೆ
ಪಕ್ಕದ ಮನೆಗೂ ಬಟವಾಡೆಯಾಗಿ
ಅಲ್ಲೂ ಗದ್ದಲ.

"ತೊಳೆದುಬಿಡಲಾ?" ಮೋರಾಗ್ ಕೇಳುತ್ತಾಳೆ.
ಹೊಸ ನೀರು. ಕಡ್ಡಿ ಮೆಲ್ಲಗೆ ಇಳಿಯುತ್ತದೆ.
ಅದಕ್ಕೆ ಅಷ್ಟೇ ಸಾಕು.

ಬಿಸಿನೀರಿನ ಬೀಕರನ್ನು ಹೊಟ್ಟೆಗೊತ್ತಿಕೊಂಡು
ಗುಡ್ಡದ ಎತ್ತರ ಅಳೆಯುತ್ತೇನೆ:
ನಲವತ್ತೊಂದು ಮಿಲಿಮೀಟರ್.
ಸ್ಕೇಲು ತುಸು ನಡುಗುತ್ತದೆ.
ಮೋರಾಗ್ ನೋಡುತ್ತಾಳೆ, ಏನೂ ಕೇಳುವುದಿಲ್ಲ,
ಕಾಲಿನಿಂದ ತನ್ನ ಸ್ಟೂಲನ್ನು
ನನ್ನತ್ತ ಸರಿಸುತ್ತಾಳೆ.